ತಂತು ಸಿದ್ಧಾಂತಕ್ಕೆ ಮೊದಲ ಪುಸ್ತಕ

ಕಳಸದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ರೇವತಿಗೆ ನಲವತ್ತರ ಹೊಸ್ತಿಲಲ್ಲಿ ಸ್ಟ್ರಿಂಗ್ ಥಿಯರಿ, ಅಂದರೆ ಜಗತ್ತಿನ ಕಣಗಳೆಲ್ಲ ಕಂಪಿಸುವ ತಂತುಗಳು ಎನ್ನುವ ಸಿದ್ಧಾಂತ, ಕಲಿಯಬೇಕೆನಿಸಿತು. ಅದು 2004ನೇ ಇಸವಿ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷವೇ ಕೆಲಸ ಸಿಕ್ಕಿ, ಸಂಶೋಧನೆಯ ಆಸೆ ಹಿಂದೆ ಬಿದ್ದಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ. ಸಂಜೆ ಬೀಗ ತೆಗೆದು ಒಳಗೆ ಹೋದರೆ, ಮರುದಿನ ತರಗತಿಯಲ್ಲಿ ಹಾಜರಿ ಕೂಗುವವರೆಗೆ ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ.

ಯಾವ ಪುಸ್ತಕದಿಂದ ಶುರು ಮಾಡಬೇಕೆಂದು ಕೇಳಲು ಸುತ್ತಮುತ್ತ ಯಾರೂ ಇರಲಿಲ್ಲ. ಚಿಕ್ಕಮಗಳೂರಿನ ಪುಸ್ತಕದಂಗಡಿಯವರು ಒಳಗೆಲ್ಲ ಹುಡುಕಿ ಪಿಟೀಲು ಕಲಿಸುವ ಪುಸ್ತಕ ತಂದಿಟ್ಟರು. ಅವಳು ನಗಲಿಲ್ಲ, ಅವರು ಅಷ್ಟು ಅಕ್ಕರೆಯಿಂದ ಅದರ ಧೂಳು ಒರೆಸಿದ್ದರು. ಕೊನೆಗೆ ಮೂಡಿಗೆರೆಯ ಸೈಬರ್ ಕೆಫೆಯಲ್ಲಿ ಕುಳಿತು, ಭೌತಶಾಸ್ತ್ರದವರು ಚರ್ಚಿಸುವ ಒಂದು ತಾಣದಲ್ಲಿ ಪ್ರಶ್ನೆ ಹಾಕಿದಳು. ಮುಂದಿನ ವಾರ ಹೋದಾಗ ಉತ್ತರಗಳಿದ್ದವು. ಒಬ್ಬರು ಗಣಿತವೇ ಇಲ್ಲದ ಪುಸ್ತಕವೊಂದನ್ನು ಹೊಗಳಿದ್ದರು. ಇನ್ನೊಬ್ಬರು ಎರಡು ಸಂಪುಟದ ಗ್ರಂಥ ಹೇಳಿದ್ದರು. ಮೂರನೆಯವರು, ಮೊದಲು ಬೇರೆಲ್ಲ ಕಲಿತು ಕೆಲವು ವರ್ಷ ಬಿಟ್ಟು ಬನ್ನಿ ಎಂದಿದ್ದರು.

ಗಣಿತವಿಲ್ಲದ ಪುಸ್ತಕ ತರಿಸಿ ಓದಿದಳು. ಓದುವಾಗ ಎಲ್ಲ ಅರ್ಥವಾದಂತಿತ್ತು. ಮುಚ್ಚಿಟ್ಟ ಮೇಲೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಗ್ರಂಥದ ಮೊದಲ ಸಂಪುಟ ಬಂದಾಗ ಎರಡನೇ ಪುಟದಲ್ಲೇ ನಿಂತಳು. ಒಂದರಲ್ಲಿ ಬರೆದವರು ತನ್ನನ್ನು ಮಗು ಎಂದುಕೊಂಡಿದ್ದರು, ಇನ್ನೊಂದರಲ್ಲಿ ಪಂಡಿತೆ ಎಂದು. ತನ್ನಂಥವರಿಗೆಂದು ಯಾರೂ ಬರೆದಿಲ್ಲವೇ ಎಂದು ಬೇಸರವಾಯಿತು.

ಅದೇ ಕಾಲೇಜಿನಿಂದ ನಿವೃತ್ತರಾಗಿ ಮೂಡಿಗೆರೆಯಲ್ಲಿದ್ದ ಚಂದ್ರಶೇಖರಪ್ಪನವರ ಬಳಿ ಇದನ್ನೆಲ್ಲ ಹೇಳಿಕೊಂಡಳು. ಅವರಿಗೂ ಆ ವಿಷಯ ಹೊಸದು. ಆದರೂ ಎರಡು ದಿನ ಯೋಚಿಸಿ ಫೋನ್ ಮಾಡಿದರು.

"ಗೊತ್ತಿಲ್ದಿರೋದು ಯಾವುದು ಅಂತ ಹುಡುಕ್ಬೇಡಿ ರೇವತಿ. ನಿಮಗೆ ಗೊತ್ತಿರೋದು ಎಲ್ಲಿಗೆ ಮುಗಿಯುತ್ತೆ ನೋಡಿ. ಅಲ್ಲಿಂದ ಶುರುವಾಗೋ ಪುಸ್ತಕ ಬೇಕು."

ಅವಳು ತಾಣದಲ್ಲಿ ಪ್ರಶ್ನೆ ಬದಲಿಸಿ ಹಾಕಿದಳು. ತನಗೆ ಏನೇನು ಬರುತ್ತದೆ ಎಂದಷ್ಟೇ ಬರೆದಳು: ಕಂಪಿಸುವ ತಂತಿಯ ಸಮೀಕರಣ, ವಿಶೇಷ ಸಾಪೇಕ್ಷತೆ, ಸ್ವಲ್ಪ ಕ್ವಾಂಟಮ್. ಯಾವುದೋ ದೇಶದ ಒಬ್ಬರು, ಪದವಿ ವಿದ್ಯಾರ್ಥಿಗಳಿಗಾಗಿ ಹೊಸದಾಗಿ ಬಂದಿದ್ದ ಒಂದು ಪುಸ್ತಕದ ಹೆಸರು ಕೊಟ್ಟರು. ಅದು ಮಾಮೂಲಿ ತಂತಿಯ ಕಂಪನದಿಂದಲೇ ಹೊರಡುತ್ತಿತ್ತು. ಅವಳು ಪ್ರತಿವರ್ಷ ಪಾಠ ಮಾಡುವ ತಂತಿ.

ಅದನ್ನು ತರಿಸಿಕೊಂಡು, ಭಾನುವಾರಗಳಂದು ಬಸ್ಸು ಹತ್ತಿ ಮೂಡಿಗೆರೆಗೆ, ಚಂದ್ರಶೇಖರಪ್ಪನವರ ಮನೆಗೆ ಹೋಗತೊಡಗಿದಳು. ಅಂಗಳದಲ್ಲಿ ಕಾಫಿ ಒಣಗುತ್ತಿರುತ್ತಿತ್ತು. ಜಗಲಿಯಲ್ಲಿ ಕುಳಿತು ಇಬ್ಬರೂ ಲೆಕ್ಕ ಮಾಡುತ್ತಿದ್ದರು. ಆ ದಿನಗಳಲ್ಲಿ ಅವಳಿಗೆ ಸೋಮವಾರದಿಂದಲೇ ಮಾತು ಕೂಡಿಡುವ ಅಭ್ಯಾಸವಾಯಿತು.

ಮೂರನೇ ತಿಂಗಳಿಗೆ ಚಂದ್ರಶೇಖರಪ್ಪ ಓದಿನಲ್ಲಿ ಹಿಂದುಳಿದರು. ಅವಳು ಮನೆಯಲ್ಲಿ ಎರಡು ಅಧ್ಯಾಯ ಮುಂದೆ ಓದಿ, ಜಗಲಿಯಲ್ಲಿ ಹಳೆಯ ಪುಟದಲ್ಲೇ ಸಿಕ್ಕಿಕೊಂಡವಳಂತೆ ಕೂರುತ್ತಿದ್ದಳು. ಒಂದು ಭಾನುವಾರ ಅವರು ಪೆನ್ನು ಕೆಳಗಿಟ್ಟರು.

"ನನಗೋಸ್ಕರ ನಿಧಾನ ಮಾಡ್ತಾ ಇದ್ದೀರಿ. ಗೊತ್ತಾಗುತ್ತೆ ನಂಗೆ."

"ಇಲ್ಲ ಸಾರ್, ನನಗೂ ಇದು ಕಷ್ಟನೇ."

"ನಾನೂ ಮೇಷ್ಟ್ರೇ ಅಲ್ವಾ? ಹುಡುಗರಿಗೆ ನಾನೂ ಹಾಗೇ ಹೇಳ್ತಿದ್ದೆ." ಅವರ ಮುಖದಲ್ಲಿ ಮುನಿಸಿರಲಿಲ್ಲ. "ಇನ್ನು ನೀವೊಬ್ರೇ ಹೋಗಿ. ಕಾಫಿ ಕುಡಿಯೋಕೆ ಬನ್ನಿ, ಪುಸ್ತಕ ಬೇಡ."

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿತ್ತು. ಇನ್ನು ಬೇಗ ಬೇಗ ಓದಬಹುದು ಎಂದು ಮನಸ್ಸಿನ ಒಂದು ಮೂಲೆ ಹಗುರಾಗಿದ್ದು ಅದಕ್ಕಿಂತ ಹೆಚ್ಚು ನೋಯಿಸಿತು.

ಅವಳು ಬೇಗ ಓದಲಿಲ್ಲ. ಒಬ್ಬಳೇ ಕುಳಿತಾಗ ತಪ್ಪು ಎಲ್ಲಿದೆಯೆಂದು ತೋರಿಸುವವರಿರಲಿಲ್ಲ. ಒಂದು ಪ್ಲಸ್-ಮೈನಸ್ ಚಿಹ್ನೆ ತಿರುಗಿದ್ದು ಹದಿನೈದು ದಿನ ಕಾಡಿತು. ಕಾಫಿ ಹೂ ಬಿಟ್ಟು ಉದುರಿತು. ರಜೆ ಬಂದಿತು. ಏಪ್ರಿಲಿನ ಒಂದು ಬೆಳಿಗ್ಗೆ, ತಂತುವಿನ ಮೊದಲ ಕಂಪನ ಬೆಳಕಿನ ಕಣವಾಗಬೇಕಾದರೆ ಜಗತ್ತಿಗೆ ಎಷ್ಟು ಆಯಾಮಗಳಿರಬೇಕು ಎಂಬ ಲೆಕ್ಕ ಅವಳ ಕೈಯಲ್ಲೇ ಮುಗಿಯಿತು. ಉತ್ತರ ಪುಸ್ತಕದಲ್ಲಿತ್ತು, ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಕೊನೆಯ ಸಾಲಿನಲ್ಲಿ ಅದು ತಾನಾಗಿ ಬಂದು ನಿಂತಾಗ ಎದ್ದು ಕೋಣೆಯಲ್ಲಿ ಓಡಾಡಿದಳು. ಹೇಳಲು ಯಾರಾದರೂ ಬೇಕಿತ್ತು. ಮೂಡಿಗೆರೆಗೆ ಫೋನ್ ಮಾಡಿದಳು.

"ಸಾರ್, ಇಪ್ಪತ್ತಾರು ಬಂತು."

ಚಂದ್ರಶೇಖರಪ್ಪ ಕೇಳಿದರು, "ನೀವೇ ಮಾಡಿದ್ರಾ?"

"ಹೂಂ ಸಾರ್."

"ನಂಗೆ ಅದು ಅರ್ಥ ಆಗಲ್ಲ ರೇವತಿ. ಆದ್ರೆ ತುಂಬಾ ಸಂತೋಷ ಆಯ್ತು," ಎಂದರು. ಆಮೇಲೆ ಕಳಸದ ಕಡೆ ಮಳೆ ಬಂತಾ ಎಂದು ವಿಚಾರಿಸಿದರು.

ಫೋನ್ ಇಟ್ಟ ಮೇಲೆ ಮನೆಯಲ್ಲಿರಲಾರದೆ ಪೇಟೆಗೆ ಹೋದಳು. ಜೀಪುಗಳು ಜನರನ್ನು ತುಂಬಿಕೊಂಡು ತೋಟಗಳ ಕಡೆ ಹೊರಟಿದ್ದವು. ತರಕಾರಿ ಮಾರುವ ಪಾಪಮ್ಮ ಅವಳ ಮುಖ ನೋಡಿ, ಇವತ್ತೇನೋ ಖುಷಿಯಲ್ಲಿದ್ದೀರಲ್ಲ ಮೇಡಮ್ಮಾರೆ ಎಂದು ಕೇಳಿದಳು.

"ಒಂದು ಲೆಕ್ಕ ಸರಿ ಬಂತು," ಎಂದಳು ರೇವತಿ.

"ಮಕ್ಕಳದ್ದಾ?"

"ಅಲ್ಲ. ನಂದೇ."

ಪಾಪಮ್ಮ ತಲೆಯಾಡಿಸಿ ಬೇರೆ ಗಿರಾಕಿಯ ಕಡೆ ತಿರುಗಿದಳು. ರೇವತಿ ಬೀನ್ಸ್ ಚೀಲಕ್ಕೆ ಹಾಕಿಕೊಂಡು, ಏರು ದಾರಿ ಹತ್ತಿ ಮನೆಗೆ ಬಂದು ಮುಂದಿನ ಅಧ್ಯಾಯ ತೆರೆದಳು.