ದ್ವೀಪ ಸುತ್ತುವ ಸೈಕಲ್ಲು

ಜುನ್‌ಲಿನ್‌ಗೆ ಬೇಕಾಗಿದ್ದದ್ದು ಆಫೀಸಿಗೆ ಹೋಗಿಬರಲು ಒಂದು ಸೈಕಲ್ಲು, ಅಷ್ಟೆ. ಆದರೆ ತೈವಾನಿನಲ್ಲಿ ಹಿಂದೆ ಮುಂದೆ ಚೀಲ ನೇತುಹಾಕುವ ದೂರಪ್ರಯಾಣದ ಸೈಕಲ್ ಮುಟ್ಟಿದವನನ್ನು 'ದ್ವೀಪ ಸುತ್ತೋಕಾ?' ಎಂದು ಕೇಳದೆ ಬಿಡುವ ಪ್ರಾಣಿ ಇನ್ನೂ ಹುಟ್ಟಿಲ್ಲ. ತೈನಾನ್ ಊರಿನ ಮುದುಕ ಲಾಯ್, ತನ್ನ ಹಳೇ ಸೈಕಲ್ಲನ್ನು ಮಾರಲು ಬಾಗಿಲಲ್ಲಿ ನಿಲ್ಲಿಸಿದ್ದವನು, ಅದನ್ನೇ ಕೇಳಿದ.

"ಹೂಂ ದೊಡ್ಡಪ್ಪ, ಬರೋ ತಿಂಗಳೇ ಹೊರಡೋದು," ಅಂದುಬಿಟ್ಟ ಜುನ್‌ಲಿನ್. ಆಫೀಸಿಗೆ ಅಂದರೆ ಎಲ್ಲಿ ಕೊಡುವುದಿಲ್ಲವೋ ಎಂಬ ಭಯ. ನಾಲಿಗೆಗೆ ಎಲುಬಿಲ್ಲ ನೋಡಿ.

ಮುದುಕನ ಮುಖ ಊರಗಲವಾಯಿತು. "ಹಂಗಾದ್ರೆ ಇದು ನಿಂದೇ ಕಣಯ್ಯಾ! ನಾನೂ ನನ್ ಗೆಳೆಯ ಆ-ಖುನ್ನೂ ಒಟ್ಟಿಗೆ ಸುತ್ತೋಣ ಅಂತ ಜೋಡಿ ಸೈಕಲ್ ತಗೊಂಡಿದ್ವು. ಹೊರಡೋ ದಿನ ನಾನೇ ಕೈ ಕೊಟ್ಟೆ, ಅಂಗಡಿ ಬಿಟ್ಟು ಬರಕ್ಕಾಗಲ್ಲ ಅಂತ. ಅವನೊಬ್ನೇ ಹೋದ. ಈಗ ದ್ವೀಪದ ಆಚೆ ದಡದಲ್ಲಿ, ಹ್ವಾಲ್ಯೆನ್‌ನಲ್ಲಿ ಹಾಸಿಗೆ ಹಿಡಿದಿದಾನೆ. ಸುತ್ತೋ ದಾರೀಲಿ ಅವನ ಮನೆ ಮುಂದೆ ಒಂದ್ಸಲ ಬೆಲ್ ಹೊಡೆದು ಹೋಗ್ಬಿಡು, ಸಾಕು."

ಜುನ್‌ಲಿನ್ ತಲೆಯಾಡಿಸಿದ. ಮುಂದಿನ ಭಾನುವಾರ ಬಂದು ಒಯ್ಯುತ್ತೇನೆಂದು ಹೇಳಿ ಕಾಲು ಕಿತ್ತ.

ಆ ವಾರವೆಲ್ಲ ಅದೇ ಯೋಚನೆ. ಸೈಕಲ್ಲೇನೋ ಬೇಕೇ ಬೇಕು. ಅಂಥ ಗಟ್ಟಿ ಗಾಡಿ ಹೊಸದು ಕೊಳ್ಳುವ ಯೋಗ್ಯತೆ ಅವನಿಗೆಲ್ಲಿದೆ? ಆದರೆ ಮುದುಕನಿಗೆ ಟೋಪಿ ಹಾಕಿ ತಂದರೆ ಪಾಪ ತಟ್ಟದೇ? ಥೂ ನನ್ನ ಜನ್ಮಕ್ಕೆ ಎಂದು ತನ್ನನ್ನೇ ಬಯ್ದುಕೊಂಡ. ಕೊನೆಗೆ ನಿಜ ಹೇಳಿಬಿಡುವುದೆಂದು ಮನಸ್ಸು ಗಟ್ಟಿಮಾಡಿದ.

ಭಾನುವಾರ ಹೋದರೆ, ಹ್ಯಾಂಡಲಿಗೆ ಕಡಲ ತಾಯಿ ಮಾತ್ಸುವಿನ ಗುಡಿಯ ಕೆಂಪು ತಾಯತ! ಮುದುಕನ ಹೆಂಡತಿ ಬೆಳಗ್ಗೆಯೇ ಹೋಗಿ, ಧೂಪದ ಹೊಗೆಯ ಮೇಲೆ ಅದನ್ನು ಮೂರು ಸುತ್ತು ಆಡಿಸಿ ತಂದು ಕಟ್ಟಿದ್ದಳು.

"ದೊಡ್ಡಪ್ಪ... ನಾನು ಸುಳ್ಳು ಹೇಳ್ದೆ. ಇದು ನಂಗೆ ಆಫೀಸಿಗೆ ಹೋಗೋಕೆ. ದ್ವೀಪಾನೂ ಇಲ್ಲ, ಗೀಪಾನೂ ಇಲ್ಲ. ತಪ್ಪಾಯ್ತು."

ಮುದುಕ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. "ನೀನು ಬರ್ತೀಯ ಅಂತ ಆ-ಖುನ್‌ಗೆ ಹೇಳ್ಬಿಟ್ಟಿದ್ದೀನಲ್ಲೋ," ಎಂದ. "ಅವತ್ತಿಂದ ಬಾಗಿಲಿಗೇ ಕುರ್ಚಿ ಹಾಕಿಸ್ಕೊಂಡು ಕೂರ್ತಾನಂತೆ. ಒಂದ್ಸಲ ಕೈ ಕೊಟ್ಟವನು ನಾನು. ಇನ್ನೊಂದ್ಸಲ ಇಲ್ಲ ಅನ್ನೋ ಮಾತು ನನ್ ಬಾಯಲ್ಲಿ ಬರಲ್ಲ. ನೀನೇ ಹೇಳು." ನಂಬರು ಒತ್ತಿ ಫೋನನ್ನು ಅವನ ಕೈಗಿಟ್ಟ.

"ಯಾರು, ಸೈಕಲ್ ಹುಡುಗನಾ?" ಆ-ಖುನ್‌ನ ದನಿ ಏದುಸಿರು ಬಿಡುತ್ತಿತ್ತು. "ಹೊರಟ್ಯಾ ಮಗಾ? ಕಡಲ ಕಡೆ ಗಾಳಿ ಜಾಸ್ತಿ, ಅವಸರ ಮಾಡ್ಬೇಡ. ನಾನೆಲ್ಲೂ ಹೋಗಲ್ಲ, ಕಾಯ್ತಿರ್ತೀನಿ."

ಜುನ್‌ಲಿನ್ ಬಾಯಿ ತೆರೆದ. "ಬರ್ತೀನಿ ದೊಡ್ಡಪ್ಪ," ಎಂಬ ಮಾತೇ ಹೊರಬಿತ್ತು.

ಈಗ ಆ ಸೈಕಲ್ಲು ಬೇಡವೆನ್ನುವ ಹಾಗೂ ಇರಲಿಲ್ಲ, ಅದರಲ್ಲಿ ಆಫೀಸಿಗೆ ಹೋಗುವ ಹಾಗೂ ಇರಲಿಲ್ಲ.