ಸಿಂಪಿಗ ಹಕ್ಕಿಯ ಎಲೆ

ಒಂದು ಊಟದೆಲೆಗೆ ಮೂರು ತೇಗದ ಎಲೆ, ಹತ್ತು ಕಸಬರಿಗೆ ಕಡ್ಡಿಯ ಚೂರು, ಐದು ನಿಮಿಷ ಬೇಕು. ಮಣಿಕೊಂಡದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಸ್ಲ್ಯಾಬ್ ಹಾಕುವ ದಿನ ಕೂಲಿಯವರಿಗೆಲ್ಲ ಮಾಲೀಕರ ಊಟ. ಕಡ್ಡಿ ಚುಚ್ಚಿ ಎಲೆ ಹಚ್ಚುವುದು ಕೂಲಿಗೆ ಬಂದ ಯಾದಗಿರಿ ಕಡೆಯ ಸುಗಲಮ್ಮನ ಕೆಲಸ.

“ಎಷ್ಟು ಸಡ್ಲ ಹಚ್ಚೀಯವ್ವಾ! ಸಾರೆಲ್ಲಾ ಉಣ್ಣೋರ ತೊಡೀಮ್ಯಾಲೆ,” ಎಂದು ಸೊಸೆ ಭಾಗ್ಯಶ್ರೀಯನ್ನು ಛೇಡಿಸುತ್ತ, ಸುಗಲಮ್ಮ ತನ್ನ ಹಿಂದಿದ್ದ ತೇಗದ ಗಿಡಕ್ಕೆ ಕೈ ಚಾಚಿ, ನೋಡದೆಯೇ ದೊಡ್ಡ ಎಲೆಯೊಂದನ್ನು ಕಿತ್ತಳು. ಎಲೆ ಭಾರವಾಗಿತ್ತು.

ಅಂಚಿಗೆ ಅಂಚು ಕೂಡಿಸಿ, ಜೇಡನ ನೂಲಿನಿಂದ ಹೊಲಿದ ಚೀಲ ಅದು. ಒಳಗೆ ಹತ್ತಿಯ ಮೇಲೆ ಮೂರು ಚುಕ್ಕಿ ತತ್ತಿ. ಪಕ್ಕದ ಟೊಂಗೆಯಲ್ಲಿ ಕೆಂಪು ನೆತ್ತಿಯ ಸಿಂಪಿಗ ಹಕ್ಕಿ ಬಾಲ ನಿಗುರಿಸಿ ಚೀರತೊಡಗಿತು.

“ಹಕ್ಕಿ ಎಲಿ ಹರೀಲಾರ್ದ, ಗಿಡದಾಗ ಇದ್ದಂಗ ಹೊಲದೈತ್ರಿ ಅತ್ತಿ! ಹಸರು ಇರ್ಲಿ ಅಂತ,” ಎಂದಳು ಭಾಗ್ಯಶ್ರೀ.

ಸುಗಲಮ್ಮನ ಮುಖ ಸುಟ್ಟಂತಾಯಿತು. ನಲವತ್ತು ವರ್ಷ ಎಲೆ ಹಚ್ಚಿದ ಕೈಗೆ, ಇನ್ನೊಬ್ಬರು ಹಚ್ಚಿದ ಎಲೆ ಗೊತ್ತಾಗಲಿಲ್ಲ. ತನ್ನ ಕಡ್ಡಿಗಳಿಂದಲೇ ಅದನ್ನು ಗಿಡದ ಹಸಿ ಎಲೆಯೊಂದಕ್ಕೆ ಚುಚ್ಚಿ ನಿಲ್ಲಿಸಿ, ದೂರ ಹೋಗಿ ಕೂತಳು. ಹಕ್ಕಿ ಎರಡು ಸಲ ಬಂದು ಇಣುಕಿತು. ಆದರೆ ತೊಟ್ಟು ಕಡಿದ ಎಲೆ ಬಿಸಿಲಿಗೆ ಸುರುಟಿತು, ಹೊಲಿಗೆ ಬಿಟ್ಟಿತು, ಮಧ್ಯಾಹ್ನದೊಳಗೆ ತತ್ತಿಗಳು ಜಲ್ಲಿಯ ಮೇಲೆ ಬಿದ್ದು ಒಡೆದವು.

“ಉಣ್ಣಾಕ ಬರ್ರಿ, ಅತ್ತಿ.”

“ಒಲ್ಲೆವ್ವ. ನನ್ನ ಎಲಿ ಯಾರಿಗರೆ ಹಾಕು.”

ನಲವತ್ತು ಜನ ಹೊಟ್ಟೆ ತುಂಬ ಉಂಡರು. ಹಕ್ಕಿಯ ಮೂರು ಮರಿ ಹುಟ್ಟದೇ ಹೋದವು.