ಹರಿದಲ್ಲಿಂದ ಹಿಡಿದ ಪದ

ಆ ರವಿವಾರ ಬೆಳಿಗ್ಗೆ ಬೈಲಹೊಂಗಲದ ಮೇಲೆ ಮಂಜು ಇಳಿದಿತ್ತು. ಊರ ಹೊರಗಿನ ಬಿಳಿಜೋಳದ ಹೊಲಗಳು ಕಾಣುತ್ತಿರಲಿಲ್ಲ. ಧಾರವಾಡದ ಬಸ್ಸು ಬರೀ ಸದ್ದಾಗಿ ಹಾದುಹೋಯಿತು. ಕನ್ನಡ ಸಾಲಿಯ ಶಿಕ್ಷಕಿ ಶೈಲಜಾ ಒಂದು ಫ್ಲಾಪಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಆರತಿಯ ದೀಪ ತರುವವಳಂತೆ, ಉಳವಪ್ಪನ ಸೈಬರ್ ಕೆಫೆಯ ಮೆಟ್ಟಿಲೇರಿದಳು. 2005ರ ಮಾತು.

ಫ್ಲಾಪಿಯಲ್ಲಿದ್ದವು ಅವಳ ಆಯಿ, ಅಂದರೆ ಅಜ್ಜಿ, ಸಂಗೊಳ್ಳಿಯ ಶಟ್ಟೆವ್ವನ ಬೀಸುವ ಪದಗಳು. ಹೋದ ಮಳೆಗಾಲವಿಡೀ ಕೇಳಿ ಬಂದು ಮನೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದಳು. ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಆಯಿ ಕೇಳಿದ ಕೂಡಲೇ ಹಾಡುವವಳಲ್ಲ.

“ಮೊದಲ ನಿನಗ ಬರೂದು ಹಾಡವಾ. ಎಲ್ಲಿ ಹರೀತದ, ಅಲ್ಲಿಂದ ನಾ ಹಿಡೀತೇನಿ” ಎನ್ನುವಳು. ಹರಿದಲ್ಲಿಂದ ಹಿಡಿದೇ ಹಿಡಿಯುವಳು, ಬೀಸುಕಲ್ಲಿನ ಗೂಟಕ್ಕೆ ಎದುರಿನಿಂದ ಬಂದು ಕೂಡುವ ಇನ್ನೊಂದು ಕೈಯಂತೆ.

ದೀಪಾವಳಿ ಕಳೆದ ಮೇಲೆ ಆಯಿಗೆ ಲಕ್ವಾ ಹೊಡೆದು ಮಾತು ನಿಂತಿತು. ಅದರ ಬೆನ್ನಿಗೇ ಶೈಲಜಾಳ ಕಂಪ್ಯೂಟರ್ ಕೆಟ್ಟಿತು; ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟ. ಫ್ಲಾಪಿ ಇದೆಯಲ್ಲ ಎಂಬ ನೆಮ್ಮದಿಯಲ್ಲಿ ತೆರೆದು ನೋಡಿದರೆ, ಪದಗಳಿದ್ದ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು.

ಅಂತರ್ಜಾಲದಲ್ಲಿ ಕಂಪ್ಯೂಟರ್ ಬಲ್ಲವರು ಸೇರುವ ಒಂದು ಫೋರಮ್ಮಿನಲ್ಲಿ ಅವಳು ಆಗಲೇ ಕೇಳಿದ್ದಳು: ನನ್ನ ಫೈಲು ಹಾಳಾಗಿದೆ, ತುರ್ತಾಗಿ ಸರಿಮಾಡಿಕೊಡಿ. ಏನು ಕಾಣುತ್ತಿದೆ, ಯಾವುದರಲ್ಲಿ ಟೈಪು ಮಾಡಿದ್ದು, ಒಂದನ್ನೂ ಬರೆದಿರಲಿಲ್ಲ. ಈಗ ಕೆಫೆಯಲ್ಲಿ ತೆರೆದು ನೋಡಿದರೆ ಎರಡು ಉತ್ತರ ಬಂದಿದ್ದವು. ಹಾಳಾಗಿದ್ದರೆ ಅಳಿಸಿಬಿಟ್ಟು ಮತ್ತೆ ಟೈಪು ಮಾಡಿ ಎಂದಿದ್ದ ಒಬ್ಬ. ಕೇಳುವ ಮೊದಲು ಹುಡುಕಿ ನೋಡಿದಿರಾ, ಇಲ್ಲೇ ಎಷ್ಟೋ ಸಲ ಹೇಳಿದ್ದೇವೆ ಎಂದಿದ್ದ ಸಾಗರ ಎಂಬ ಇನ್ನೊಬ್ಬ.

“ಗೊತ್ತಿದ್ದವ್ರು ಒಂದ ಮಾತು ಹೇಳಿದ್ರ ಅವರ ಗಂಟೇನ ಹೋಗತಿತ್ರಿ?” ಶೈಲಜಾ ಉಳವಪ್ಪನತ್ತ ತಿರುಗಿದಳು.

ಉಳವಪ್ಪ ಊದಿನಕಡ್ಡಿ ಹಚ್ಚುತ್ತಿದ್ದ. “ಗಂಟೇನ ಹೋಗೂದಿಲ್ರಿ ಅಕ್ಕೋರ. ಆದ್ರ ಅವರೂ ದುಡದು ಬಂದು ಪುಕ್ಕಟ ಹೇಳೂ ಮಂದಿ. ನಿಮ್ಮ ಸಾಲಿ ಹುಡುಗೂರು ಪುಸ್ತಕಾನ ತಗೀದ ಉತ್ತರಾ ಕೇಳಿದ್ರ ನೀವೇನ ಬೆಲ್ಲಾ ಕೊಡತೀರೇನ್ರಿ?”

ಅವಳಿಗೆ ಅದು ಹಿಡಿಸಲಿಲ್ಲ. ಬಲ್ಲವರಿಗೆ ಇಷ್ಟು ಸೊಕ್ಕು ಇರಬಾರದು ಎಂದು ಸಾಗರನಿಗೆ ಬರೆದು, ಸಂಗೊಳ್ಳಿಯ ಬಸ್ಸು ಹತ್ತಿದಳು.

ಆಯಿ ಕೌದಿ ಹೊದ್ದು ಮಲಗಿದ್ದಳು. ತಲೆಯ ಬದಿಯಲ್ಲಿ ವಿಭೂತಿ, ಕಿಟಕಿಯಲ್ಲಿ ಇನ್ನೂ ಕರಗದ ಮಂಜು. “ಒಂದ ಸಾಲರೆ ಹಾಡು ಆಯಿ” ಎಂದು ಶೈಲಜಾ ಬೇಡಿಕೊಂಡಳು. ಶಟ್ಟೆವ್ವ ಅವಳನ್ನೇ ನೋಡಿದಳು. ಆಮೇಲೆ ನಡುಗುವ ಎಡಗೈಯೆತ್ತಿ ಮೊಮ್ಮಗಳ ತುಟಿಯ ಮೇಲೆ ಬೆರಳಿಟ್ಟಳು. ಮೊದಲು ನೀನು.

ಶೈಲಜಾ ಹಾಡಿದಳು. “ಹೊಳಿದಂಡಿ ಮಂಜಾಗ ಬೆಳಕೊಂದು ಬರತೈತಿ...” ಎರಡನೆಯ ಸಾಲಿಗೆ ಪದ ಹರಿಯಿತು, ಮುಂದಿನದು ನೆನಪಿಗೆ ಬರಲಿಲ್ಲ. ಕಾದಳು. ಹಿಡಿಯುವ ದನಿ ಬರಲಿಲ್ಲ. ಕಾಯುತ್ತಾ ಕುಳಿತಾಗ, ಆ ಫೋರಮ್ಮಿನ ಬಾಗಿಲಲ್ಲಿ ತಾನು ಒಂದು ಸಾಲನ್ನೂ ಹಾಡಿರಲಿಲ್ಲ ಎಂಬುದು ನೆನಪಾಗಿ ತಲೆ ತಗ್ಗಿಸಿದಳು.

ಸಂಜೆ ಮತ್ತೆ ಕೆಫೆಯಲ್ಲಿ ಕುಳಿತು ತಾನೇ ಹುಡುಕಿದಳು. ‘ಫೈಲು ಹಾಳು’ ಎಂದು ಹುಡುಕಿದಾಗ ಏನೂ ದಕ್ಕಲಿಲ್ಲ. ಕಣ್ಣಿಗೆ ಕಾಣುವುದನ್ನೇ ಬರೆದು ಹುಡುಕಿದಳು: ಕನ್ನಡದಲ್ಲಿ ಟೈಪು ಮಾಡಿದ್ದು ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ. ಆಗ ಅದೇ ಫೋರಮ್ಮಿನ ಹಳೆಯ ಪುಟವೊಂದು ತೆರೆಯಿತು. ಅಕ್ಷರ ಎಲ್ಲೂ ಹೋಗಿಲ್ಲ, ನೀವು ಬಳಸಿದ ಫಾಂಟು ಈ ಕಂಪ್ಯೂಟರಿನಲ್ಲಿಲ್ಲ, ಅಷ್ಟೇ. ದಯವಿಟ್ಟು ಏನನ್ನೂ ಅಳಿಸಬೇಡಿ. ಫಾಂಟು ಹಾಕಿಕೊಳ್ಳುವ ಬಗೆಯನ್ನು ಮಗುವಿಗೆ ಹೇಳುವಂತೆ ಬಿಡಿಸಿ ಬರೆದಿತ್ತು. ಬರೆದವನ ಹೆಸರು ಸಾಗರ.

ಅವಳು ಹಾಗೆಯೇ ಮಾಡಿದಳು. ಮಂಜು ಸರಿದು ಹೊಲ ಕಾಣುವಂತೆ, ಸಾಲಿನ ಹಿಂದೆ ಸಾಲಾಗಿ ಆಯಿಯ ಪದಗಳು ಎದ್ದು ನಿಂತವು.

ಏಳುವ ಮೊದಲು ತನ್ನ ಕಟುಮಾತನ್ನು ಅಳಿಸಿ, ಸಾಗರನ ಕ್ಷಮೆ ಕೇಳಿದಳು. ತನ್ನ ಪ್ರಶ್ನೆಯ ಕೆಳಗೆ ಏನಾಗಿತ್ತು, ಹೇಗೆ ಹುಡುಕಿದೆ, ಹೇಗೆ ಸರಿಹೋಯಿತು ಎಂಬುದನ್ನೆಲ್ಲ ಮುಂದೆ ಬರುವವರಿಗಾಗಿ ಬರೆದಿಟ್ಟಳು.

ಮುಂದಿನ ರವಿವಾರ ಆಯಿಯ ಬದಿಯಲ್ಲಿ ಕುಳಿತು ಅದೇ ಪದ ಎತ್ತಿಕೊಂಡಳು. ಹರಿಯುವ ಜಾಗ ಬಂತು. ಈ ಸಲ ಕೆಫೆಯಲ್ಲಿ ಪ್ರಿಂಟು ತೆಗೆಸಿ ತಂದ ಹಾಳೆ ನೋಡಿ ಅವಳೇ ಅಲ್ಲಿಂದ ಹಿಡಿದಳು. ಶಟ್ಟೆವ್ವನ ಎಡಗೈ ಕೌದಿಯ ಮೇಲೆ ಮೆಲ್ಲಗೆ ಸುತ್ತತೊಡಗಿತು, ಕಲ್ಲು ಬೀಸುವಂತೆ. ಪದ ಮುಗಿದ ಮೇಲೆ ಶೈಲಜಾ ಆ ಕೈ ನಿಲ್ಲುವ ತನಕ ಕಾದು, ಹಾಳೆಗಳನ್ನು ಆಯಿಯ ಅಂಗೈಯಲ್ಲಿ ಇಟ್ಟಳು.